ಸುಲಿಯದ ಕಾಯಿ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಂಬತ್ಮೂರರಲ್ಲಿ, ಏಳನೇ ಕ್ಲಾಸಿನ ಮಧ್ಯದಲ್ಲಿ. ನಿಲ್ಲಿಸಿದೆ ಎನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ಆ ಮಳೆಗಾಲದಲ್ಲಿ ಬಾಳೂರಿನ ಕಡೆ ನಮ್ಮ ಮನೆಗೂ ಶಾಲೆಗೂ ನಡುವೆ ಇದ್ದ ಹಳ್ಳದ ಕಾಲುಸಂಕ ಕೊಚ್ಚಿಕೊಂಡು ಹೋಯಿತು. ಹೊಸ ಸಂಕ ಹಾಕುವವರೆಗೆ ಹುಡುಗ ಸುಮ್ಮನೆ ಕೂರುವುದು ಬೇಡ ಎಂದು ಅಪ್ಪ ನನ್ನನ್ನು ಕಾಫಿ ಪಲ್ಪರ್ ರಿಪೇರಿಯ ಮೆಕ್ಯಾನಿಕ್ ಒಬ್ಬರ ಜೊತೆ ಸ್ಪ್ಯಾನರ್ ಹಿಡಿಯಲು ಕಳಿಸಿದರು. ಸಂಕ ಹಾಕಲು ಎರಡು ವರ್ಷ ಹಿಡಿಯಿತು. ಅಷ್ಟರೊಳಗೆ ನನಗೆ ಕೆಲಸ ಬಂದುಬಿಟ್ಟಿತ್ತು. ಹೊಸ ಸಂಕವನ್ನು ನಾನು ಮೊದಲ ಸಲ ದಾಟಿದ್ದು ಶಾಲೆಗೆ ಹೋಗಲು ಅಲ್ಲ, ಶಾಲೆಯ ಪಕ್ಕದ ತೋಟದಲ್ಲಿ ಮೆಷಿನ್ ಬಿಚ್ಚಲು. ಮೇಷ್ಟ್ರು ಕಿಟಕಿಯಿಂದ ನೋಡಿ ಕೈ ಬೀಸಿದರು. ನಾನೂ ಬೀಸಿದೆ. ಕೈಯಲ್ಲಿ ಸ್ಪ್ಯಾನರ್ ಇತ್ತು.

ಆದ್ದರಿಂದ ಈ ಬರವಣಿಗೆಯಲ್ಲಿ ತಪ್ಪು ಕಂಡರೆ ಹಳ್ಳವನ್ನು ಕೇಳಿ. ಮೆಷಿನ್ನಿನ ವಿಷಯದಲ್ಲಿ ತಪ್ಪು ಕಂಡರೆ ಮಾತ್ರ ನನ್ನನ್ನು ಕೇಳಿ. ಕಾಣುವುದಿಲ್ಲ.

ಹೋದ ವಾರ ಶೆಡ್ಡು ಗುಡಿಸುವಾಗ ಬೋಲ್ಟಿನ ಡಬ್ಬಿಗಳ ಹಿಂದೆ ಅಂಗೈ ಅಗಲದ ಒಂದು ತಾಮ್ರದ ತಗಡು ಸಿಕ್ಕಿತು. ಹರಿದದ್ದು, ಅಂಚು ಮಡಚಿದ್ದು, ಮೈಮೇಲೆ ಸಾಲಾಗಿ ಉಬ್ಬುಗಳಿರುವುದು. ಗುಜರಿಯವನಿಗೆ ಕೊಟ್ಟರೆ ಒಂದು ಟೀ ಬರಬಹುದು. ಅದನ್ನು ಹಿಡಿದುಕೊಂಡು ನಾನು ಕಾಲು ಗಂಟೆ ಸ್ಟೂಲಿನ ಮೇಲೆ ಕೂತೆ. ನನ್ನ ಹೆಂಡತಿ ಫಿಲೋಮಿನಾ ಬಾಗಿಲಲ್ಲಿ ಬಂದು ನೋಡಿ, "ಏನು, ಜಪಸರ ಸಿಕ್ಕಿತಾ?" ಎಂದು ಕೇಳಿ ಹೋದಳು.

ಜಪಸರ ಅಲ್ಲ. ಆದರೂ ಹೇಳುತ್ತೇನೆ.

ಕಾಫಿ ಬೆಳೆಯುವವರಿಗೆ ಪಲ್ಪರ್ ಎಂದರೇನೆಂದು ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಕೆಂಪು ಹಣ್ಣನ್ನು ಮೇಲಿನ ಬಾಯಿಗೆ ಸುರಿದರೆ ಒಳಗೆ ತಾಮ್ರದ ತಗಡು ಹೊದಿಸಿದ ಒಂದು ಉರುಳೆ ತಿರುಗುತ್ತ ಸಿಪ್ಪೆಯನ್ನು ಒಂದು ಕಡೆಗೆ, ಬೀಜವನ್ನು ಇನ್ನೊಂದು ಕಡೆಗೆ ಕಳಿಸುತ್ತದೆ. ಕೇಳಲು ಸುಲಭ. ಉರುಳೆಗೂ ಅದರ ಎದುರಿನ ಪಟ್ಟಿಗೂ ನಡುವಿನ ಸಂದು ಒಂದು ಕೂದಲು ಹೆಚ್ಚಾದರೆ ಹಣ್ಣು ಹಾಗೇ ಇಳಿಯುತ್ತದೆ, ಒಂದು ಕೂದಲು ಕಡಿಮೆಯಾದರೆ ಬೀಜಕ್ಕೆ ಗಾಯವಾಗುತ್ತದೆ. ಆ ಕೂದಲನ್ನು ನಾನು ಬೆರಳಲ್ಲಿ ಅಳೆಯುತ್ತೇನೆ. ಇಂಜಿನಿಯರಿಂಗ್ ಓದಿದ ಒಬ್ಬರು ಒಮ್ಮೆ ಅಳತೆಯ ಉಪಕರಣ ತಂದು ನನ್ನ ಬೆರಳನ್ನು ಪರೀಕ್ಷಿಸಿದರು. ಉಪಕರಣ ಸರಿಯಾಗಿಯೇ ಇತ್ತು ಎಂದು ನಾನು ಹೇಳಿದೆ.

ಇನ್ನು ನನ್ನ ಅಮ್ಮನ ವಿಷಯ. ನಾವು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು. ಅಜ್ಜನ ಕಾಲದಲ್ಲಿ ಘಟ್ಟ ಹತ್ತಿ ಬಂದು ಕಾಫಿ ತೋಟಗಳಲ್ಲಿ ಮರಗೆಲಸ ಮಾಡಿಕೊಂಡಿದ್ದವರು. ಸುತ್ತಲಿನ ಮನೆಗಳೆಲ್ಲ ಶಿವಭಕ್ತರದು, ಗೌಡರದು. ಹಬ್ಬ ಬಂದರೆ ನಮ್ಮ ಮನೆಗೆ ಪ್ರಸಾದ ಬರುತ್ತಿತ್ತು. ಅಮ್ಮನಿಗೆ ಎರಡು ನಿಯಮಗಳಿದ್ದವು. ದೇವರಿಗೆ ಇಟ್ಟದ್ದನ್ನು ನಾವು ತಿನ್ನಬಾರದು. ಮನಸ್ಸಿಟ್ಟು ಕೊಟ್ಟದ್ದನ್ನು ಬೇಡ ಎನ್ನಬಾರದು. ಈ ಎರಡನ್ನೂ ಒಟ್ಟಿಗೆ ಪಾಲಿಸುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವರೇ ಒಂದು ದಾರಿ ಕಂಡುಕೊಂಡಿದ್ದರು. ಎರಡೂ ಕೈ ಒಡ್ಡಿ ತೆಗೆದುಕೊಳ್ಳುವುದು, ಕಣ್ಣಿಗೊತ್ತಿಕೊಳ್ಳದೆ ಎದೆಯ ಹತ್ತಿರ ಹಿಡಿದು "ದೇವರು ಒಳ್ಳೇದು ಮಾಡ್ಲಿ" ಎನ್ನುವುದು, ಬಂದವರು ಬೇಲಿ ದಾಟಿದ ಮೇಲೆ ಹಿತ್ತಲಿಗೆ ಹೋಗಿ ಕೋಳಿಗಳನ್ನು ಕರೆಯುವುದು. ನಮ್ಮ ಕೋಳಿಗಳು ವರ್ಷದ ಎಲ್ಲ ಹಬ್ಬಗಳನ್ನೂ ಬಲ್ಲವಾಗಿದ್ದವು.

ಒಮ್ಮೆ ಪಂಚಕಜ್ಜಾಯ ಬಂದಿತ್ತು. ಕಡಲೆ, ಬೆಲ್ಲ, ಏಲಕ್ಕಿ, ಕೊಬ್ಬರಿ. ಕೋಳಿಗೆ ಹಾಕಿ ಬಾ ಎಂದು ಅಮ್ಮ ನನ್ನ ಕೈಗೆ ಕೊಟ್ಟರು. ನಾನು ಬಾಳೆಯ ಬುಡದ ಹಿಂದೆ ಕೂತು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಆಮೇಲೆ ಇನ್ನೊಂದು ಚಿಟಿಕೆ, ಮೊದಲನೆಯದು ನಿಜವೋ ಎಂದು ನೋಡಲು. ಆಮೇಲೆ ಶಿಕ್ಷೆಗಾಗಿ ಕಾದೆ. ತುಂಬ ಹೊತ್ತು ಕಾದರೂ ಇರುವೆಗಳು ಬಿಟ್ಟು ಬೇರೆ ಏನೂ ಬರಲಿಲ್ಲ. ಭಾನುವಾರ ಪಾಪನಿವೇದನೆಯಲ್ಲಿ ಹೇಳಿದೆ. ಆಗಿನ ಫಾದರ್ ಕಿಟಕಿಯ ಆ ಕಡೆಯಿಂದ, "ಎಷ್ಟು ತಿಂದೆ?" ಎಂದು ಕೇಳಿದರು. ಎರಡು ಚಿಟಿಕೆ ಎಂದೆ. ಎರಡು ಪ್ರಾರ್ಥನೆ ಹೇಳು ಎಂದರು. ಚಿಟಿಕೆಗೊಂದರಂತೆ.

ದೊಡ್ಡವನಾದ ಮೇಲೆ ಅಮ್ಮನ ಎರಡು ನಿಯಮಗಳಿಗೆ ನನ್ನದೇ ಮೂರನೆಯದೊಂದನ್ನು ಸೇರಿಸಿದೆ. ಯಾರಿಂದಲೂ ಬಿಟ್ಟಿ ಏನನ್ನೂ ತಗೊಳ್ಳಬಾರದು. ಓದದವನಿಗೆ ಜಂಬ ಬಿಟ್ಟು ಬೇರೆ ಸರ್ಟಿಫಿಕೇಟ್ ಎಲ್ಲಿದೆ ಹೇಳಿ? ಕೆಲಸ ಮಾಡದ ದಿನ ನಾನು ಯಾವ ಎಸ್ಟೇಟಿನಲ್ಲೂ ಒಂದು ಲೋಟ ಕಾಫಿ ಕುಡಿದವನಲ್ಲ. ಕಾಫಿಯ ನಾಡಿನಲ್ಲಿ ಇದು ಸುಲಭದ ವ್ರತವಲ್ಲ.

ಕೊಡುವುದು ಮಾತ್ರ ನನಗೆ ಮೊದಲಿಂದಲೂ ಸಲೀಸು. ನಮ್ಮ ಇಗರ್ಜಿಗೆ, ಅಂದರೆ ಚರ್ಚಿಗೆ, ಕಬ್ಬಿಣದ ಗೇಟು ಮಾಡಿಕೊಟ್ಟವನು ನಾನೇ. ನಾನೇ ವೆಲ್ಡ್ ಮಾಡಿದ್ದು. ಕೆಳಗೆ ನನ್ನ ಹೆಸರನ್ನೂ ಅಕ್ಷರ ಅಕ್ಷರವಾಗಿ ಕಬ್ಬಿಣದಲ್ಲಿ ಬಗ್ಗಿಸಿ ಕೂರಿಸಿದೆ. "ಸಿರಿಲ್ ಮತ್ತು ಕುಟುಂಬದವರ ಕೊಡುಗೆ." ಕುಟುಂಬದವರು ಎನ್ನುವ ಜಾಗದಲ್ಲಿ ಕಬ್ಬಿಣ ಸ್ವಲ್ಪ ಸಣ್ಣದಾಯಿತು ಎಂದು ಫಿಲೋಮಿನಾ ಹೇಳುತ್ತಾಳೆ. ಗೇಟು ಗಟ್ಟಿಯಾಗಿದೆ. ತೊಂದರೆ ಏನೆಂದರೆ ಅದನ್ನು ಯಾರೂ ಹಾಕುವುದಿಲ್ಲ, ಯಾವಾಗಲೂ ತೆರೆದೇ ಇರುತ್ತದೆ. ತೆರೆದಾಗ ನನ್ನ ಹೆಸರು ಇರುವ ಮಗ್ಗುಲು ಬೇಲಿಗೆ ತಾಗಿಕೊಂಡು ನಿಲ್ಲುತ್ತದೆ. ಹದಿನೆಂಟು ವರ್ಷಗಳಲ್ಲಿ ನನ್ನ ಕೊಡುಗೆಯನ್ನು ಪೂರ್ತಿ ಓದಿರುವುದು ಬೇಲಿಯ ದಾಸವಾಳ ಒಂದೇ.

ಈಗ ಚಂದ್ರಶೇಖರಪ್ಪನವರ ತೋಟಕ್ಕೆ ಬರೋಣ.

ಚಂದ್ರಶೇಖರಪ್ಪನವರು ನಮ್ಮ ಕಡೆಯ ದೊಡ್ಡ ಬೆಳೆಗಾರರು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ಕಾಲಲ್ಲಿ ಗಂಬೂಟು. ತೋಟ ನಡೆದು ಮುಗಿಸಲು ಒಂದು ಬೆಳಗು ಬೇಕು. ಕೊಡುವ ಕೈ. ಮದುವೆ, ಆಸ್ಪತ್ರೆ, ಸ್ಕೂಲ್ ಫೀಸು ಎಂದು ಬಂದವರನ್ನು ಬರಿಗೈಯಲ್ಲಿ ಕಳಿಸಿದ್ದನ್ನು ನಾನು ಕಂಡಿಲ್ಲ. ಕೊಡುವಾಗ ಬೈಯುತ್ತಾರೆ, ಅದು ಬೇರೆ. ಅವರ ಪಲ್ಪರ್ ಇಪ್ಪತ್ತೈದು ವರ್ಷಗಳಿಂದ ನನ್ನ ಕೈಯಲ್ಲಿತ್ತು.

ಅವರ ಮನೆಯಲ್ಲಿ ಒಂದು ಪದ್ಧತಿ. ಸೀಸನ್ನಿನ ಮೊದಲ ಹಣ್ಣು ಬಿಡಿಸುವ ದಿನ ಪಲ್ಪರಿಗೆ ಪೂಜೆ. ಮೆಷಿನ್ನಿಗೆ ಮೂರು ಬೆರಳಿನ ವಿಭೂತಿ ಪಟ್ಟೆ, ಹೂವು, ಚಕ್ರದ ಕೆಳಗೆ ನಿಂಬೆಹಣ್ಣು, ಕರ್ಪೂರ, ಐದು ಕಾಯಿ. ಆಮೇಲೆ ಸ್ವಿಚ್ ಹಾಕಬೇಕಾದವನು ನಾನು. ಮೊದಲ ಪ್ರಸಾದವೂ ನನಗೇ. ಒಂದು ಹೋಳು ಕಾಯಿ, ಎರಡು ಬಾಳೆಹಣ್ಣು, ಎಲೆ ಅಡಿಕೆ. ಅದನ್ನು ಕೊಡುವವರು ಅವರ ಪತ್ನಿ ಗಿರಿಜಮ್ಮನವರು. ವಿಭೂತಿ ಹಚ್ಚುತ್ತ ಬರುವ ಚಂದ್ರಶೇಖರಪ್ಪನವರ ಕೈ ಪ್ರತಿ ವರ್ಷವೂ ನನ್ನ ಹಣೆಯ ಹತ್ತಿರ ಬಂದು, ಒಂದು ಕ್ಷಣ ನಿಂತು, ಕೆಳಗಿಳಿದು ನನ್ನ ಟೂಲ್ ಬಾಕ್ಸಿಗೆ ಹಚ್ಚಿ ಮುಂದೆ ಹೋಗುತ್ತಿತ್ತು. ನಾನು ಅದನ್ನು ಒರೆಸುತ್ತಿರಲಿಲ್ಲ. ಗ್ರೀಸು ಒರೆಸುತ್ತಿತ್ತು.

ಪ್ರಸಾದವನ್ನು ನಾನು ಅಮ್ಮನ ಹಾಗೇ ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಿದ್ದೆ. ಟವಲಿನಲ್ಲಿ ಸುತ್ತಿ ಪಲ್ಪರಿನ ಮೇಲಿರುವ ಅಡ್ಡಹಲಗೆಯ ಮೇಲೆ, ನೀರಿನ ಪೈಪಿನ ಹಿಂದೆ ಇಡುತ್ತಿದ್ದೆ. ಕೆಲಸ ಮುಗಿದ ಮೇಲೆ ಮನೆಗೆ ಒಯ್ದು ಪಕ್ಕದ ಮನೆಯವರ ದನಕ್ಕೆ ಹಾಕುತ್ತಿದ್ದೆ. ಕೋಳಿಗಳು ಅಷ್ಟು ಹೊತ್ತಿಗೆ ಅಮ್ಮನ ಜೊತೆಗೇ ಹೋಗಿದ್ದವು. ಇಪ್ಪತ್ತೈದು ವರ್ಷ ಇದು ಸಂದು ಕೂಡಿಸಿದ ಮೆಷಿನ್ನಿನ ಹಾಗೆ ನಡೆಯಿತು.

ಐದು ವರ್ಷದ ಹಿಂದೆ ಒಂದು ನವೆಂಬರಿನಲ್ಲಿ ಕೆಟ್ಟಿತು.

ಆ ಸಲ ಪೂಜೆ ಮಧ್ಯಾಹ್ನ ಎರಡಕ್ಕೆ. ಎರಡು ದಿನದ ಹಣ್ಣು ಒಟ್ಟಿಗೆ ಬಂದು ಬಿದ್ದಿತ್ತು. ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುವಷ್ಟು. ಅಂದೇ ಬಿಡಿಸದಿದ್ದರೆ ಬೆಳಿಗ್ಗೆಗೆ ಬಿಸಿಯಾಗಿ ಹುಳಿ ವಾಸನೆ ಹೊಡೆಯುತ್ತದೆ, ಆಮೇಲೆ ಆ ಬೀಜವನ್ನು ಕಾಫಿ ಹದಮಾಡುವ ಕ್ಯೂರಿಂಗ್ ಕಾರ್ಖಾನೆಯವರು ಮೂಸಿಯೂ ನೋಡುವುದಿಲ್ಲ. ಪೂಜೆಯಾಯಿತು, ಪ್ರಸಾದವಾಯಿತು, ಟವಲು ಹಲಗೆ ಸೇರಿತು. ಸ್ವಿಚ್ ಹಾಕಿದೆ. ಹಣ್ಣು ಸುರಿಯಿತು. ಗಿರಿಜಮ್ಮನವರು ಕೈ ಮುಗಿದು ನಿಂತಿದ್ದರು.

ಹತ್ತು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಮೆಷಿನ್ನಿನ ಹೊಟ್ಟೆಯಿಂದ ಒಂದು ಸದ್ದು ಬಂತು. ನನ್ನ ಜೀವಮಾನದಲ್ಲಿ ಕೇಳದ ಸದ್ದು. ಕರ್ ಎಂದಿತು, ಕಟಕ್ ಎಂದಿತು, ಬೆಲ್ಟು ಜಾರಿತು. ಸ್ವಿಚ್ ಆರಿಸಿ ತಲೆ ಎತ್ತಿ ನೋಡಿದೆ. ಹಲಗೆಯ ಮೇಲೆ ನನ್ನ ಟವಲು ಬಾಯಿ ಬಿಚ್ಚಿಕೊಂಡು ನೇತಾಡುತ್ತಿತ್ತು. ಅದರೊಳಗೆ ಎರಡು ಬಾಳೆಹಣ್ಣು ಇದ್ದವು. ಕಾಯಿ ಇರಲಿಲ್ಲ.

ಯಾರೂ ನೋಡುವ ಮೊದಲು ಟವಲನ್ನು ಎಳೆದು ಹಣ್ಣಿನ ಸಮೇತ ಟೂಲ್ ಬಾಕ್ಸಿಗೆ ತುರುಕಿದೆ. ನಾನು ಅಂದು ಮೊದಲು ಮಾಡಿದ ಕೆಲಸ ಅದು, ಮೆಷಿನ್ ಬಿಚ್ಚಿದ್ದು ಎರಡನೆಯದು.

ಬಿಚ್ಚಿ ಕೈ ಹಾಕಿದರೆ ಕಾಯಿಹೋಳು. ಮೈಮೇಲೆ ಕುಂಕುಮ ಹಾಗೇ ಇದೆ. ಚಿಪ್ಪಿನ ಒಂದು ಚೂರು ಉರುಳೆಗೆ ಸಿಕ್ಕಿ ತಾಮ್ರದ ತಗಡನ್ನು ಅಂಗೈ ಅಗಲ ಹರಿದುಹಾಕಿತ್ತು. ನಾನು ಹೋಳನ್ನು ಹೊರಗೆ ತೆಗೆದ ಕೂಡಲೇ ಸುತ್ತ ನಿಂತ ಆಳುಗಳೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.

"ದೇವರ ಕಾಯಿ!" ಎಂದ ಮೇಸ್ತ್ರಿ ಸೂರಪ್ಪ. "ನೋಡಿ ಸಾರ್, ತಾನಾಗೇ ಹೋಗಿ ಬಿದ್ದದೆ. ಏನೋ ಅಪಚಾರ ಆಗಿದೆ."

"ತಾನಾಗೇ ಹೋಗೋಕೆ ಅದಕ್ಕೇನು ಕಾಲು ಬಂದಿದ್ಯಾ?" ಎಂದರು ಚಂದ್ರಶೇಖರಪ್ಪನವರು. "ಕಾಯಿ ಒಡೆದೋನು ಯಾರು?"

"ನಾನೇ ಸಾರ್."

"ಹೋಳು ಎಲ್ಲಿಟ್ಟೆ?"

"ತಟ್ಟೇಲಿ ಇಟ್ಟಿದ್ದೆ."

"ತಟ್ಟೇಲಿ ಇಟ್ಟಿದ್ದು ಮೆಷಿನ್ ಹೊಟ್ಟೇಲಿ ಹೇಗೆ ಬಂತು?"

ಸೂರಪ್ಪ ತಟ್ಟೆಯ ಕಡೆ ತಿರುಗಿ ನೋಡಿದ. ಐದು ಕಾಯಿ, ಹತ್ತು ಹೋಳು. ಯಾವುದು ಯಾರ ಕೈಗೆ ಹೋಯಿತೆಂದು ಅಲ್ಲಿ ಲೆಕ್ಕ ಇಟ್ಟವರಿರಲಿಲ್ಲ. ಗೊತ್ತಿದ್ದವನು ಒಬ್ಬನೇ, ಅವನು ತಗಡಿನ ಅಳತೆ ತೆಗೆಯುತ್ತಿದ್ದ.

"ಮೈಮೇಲೆ ಎಚ್ಚರ ಇಲ್ಲ ನಿಂಗೆ. ಎಲ್ಲೋ ಅಂಚಿನ ಮೇಲೆ ಇಟ್ಟು ಮರ್ತಿದೀಯ. ನಾಳೆಯಿಂದ ಪಲ್ಪರ್ ಹೌಸಿಗೆ ಬರೋದು ಬೇಡ. ತೋಟದಲ್ಲಿ ಕೆಲಸ ನೋಡ್ಕೋ."

ಸೂರಪ್ಪ ಪಲ್ಪರ್ ಹೌಸಿನ ಮೇಸ್ತ್ರಿಯಾಗಿ ಹನ್ನೆರಡು ವರ್ಷ ಆಗಿತ್ತು. ಅದು ಸಣ್ಣ ಮರ್ಯಾದೆಯಲ್ಲ. ಅದರ ಬೀಗದ ಕೈಯನ್ನು ಅವನು ಸೊಂಟಕ್ಕೆ ಕಟ್ಟಿಕೊಂಡು ಸಂತೆಗೂ ಹೋಗುತ್ತಿದ್ದ. ಆ ಬೀಗದ ಕೈಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮೊದಲು ರಿಪೇರಿ, ಆಮೇಲೆ ಮಾತು ಎಂದು ನನಗೆ ನಾನೇ ಹೇಳಿಕೊಂಡೆ. ರಿಪೇರಿ ಎರಡೂವರೆ ಗಂಟೆ ಹಿಡಿಯಿತು. ಹರಿದ ಭಾಗ ಕತ್ತರಿಸಿ (ಹೋದ ವಾರ ಸಿಕ್ಕಿದ ತಗಡು ಅದೇ), ಮೂಲೆಯಲ್ಲಿದ್ದ ಹಳೇ ತಗಡಿನಿಂದ ಅಷ್ಟೇ ಅಗಲದ ತೇಪೆ ತೆಗೆದು, ಉಬ್ಬಿನ ಸಾಲಿಗೆ ಸಾಲು ಕೂಡಿಸಿ ಮೊಳೆ ಹೊಡೆಯುವುದು. ಕತ್ತಲಾಗುತ್ತ ಬಂತು. ಟಾರ್ಚ್ ಹಿಡಿಯಲು ಚಂದ್ರಶೇಖರಪ್ಪನವರು ಸೂರಪ್ಪನನ್ನೇ ನಿಲ್ಲಿಸಿದರು.

"ಸಿರಿಲಣ್ಣ," ಎಂದ ಸೂರಪ್ಪ ಮೆಲ್ಲಗೆ, "ನಾನು ತಟ್ಟೇಲೇ ಇಟ್ಟಿದ್ದೆ ಮಾರಾಯ್ರೆ. ನನ್ನ ಮಕ್ಕಳಾಣೆಗೂ."

"ಬೆಳಕು ಇತ್ತ ಹಿಡಿ."

"ಉಳಿದ ಹೋಳು ಎಲ್ಲ ಆಳುಗಳ ಕೈಯಲ್ಲಿ ಉಂಟು, ನೋಡ್ದೆ. ನಿಮ್ದಂತೂ ನೀವು ತಿಂದಿರ್ತೀರಿ. ಮತ್ತೆ ಇದು ಯಾವುದು?"

"ಇತ್ತ ಹಿಡಿ ಅಂದ್ನಲ್ಲ."

ಇಷ್ಟು ವರ್ಷದಲ್ಲಿ ನನ್ನ ಸುತ್ತಿಗೆ ಬೆರಳಿನ ಮೇಲೆ ಬಿದ್ದದ್ದು ಒಂದೇ ದಿನ. ಅಂದು ಎರಡು ಸಲ ಬಿತ್ತು.

ತೇಪೆ ಮುಗಿಯಿತು. ಕೈಯಲ್ಲಿ ತಿರುಗಿಸಿ ನೋಡಿದೆ, ಸಂದು ಸರಿ ಇತ್ತು. ಸ್ವಿಚ್ಚಿನ ಹತ್ತಿರ ಹೋದೆ. ಚಂದ್ರಶೇಖರಪ್ಪನವರು ಎದ್ದು ನಿಂತರು. ಸೂರಪ್ಪ ಟಾರ್ಚನ್ನು ಮೊಳೆಗೆ ನೇತುಹಾಕಿ, ಸೊಂಟದಿಂದ ಬೀಗದ ಕೈ ಬಿಚ್ಚಿ ಅವರ ಮುಂದೆ ಹಿಡಿದ. ಅದನ್ನು ನೋಡಿದ ಮೇಲೆ ನನಗೆ ಸ್ವಿಚ್ ಹಾಕಲು ಕೈ ಬರಲಿಲ್ಲ.

"ಸಾರ್," ಎಂದೆ. "ಆ ಹೋಳು ನಂದು."

"ನಿಂದು ಅಂದ್ರೆ?"

"ಅಮ್ಮಾವ್ರು ನನಗೆ ಕೊಟ್ಟದ್ದು. ಟವಲಲ್ಲಿ ಸುತ್ತಿ ಮೇಲಿನ ಹಲಗೇಲಿ ಇಟ್ಟಿದ್ದೆ. ಮೆಷಿನ್ ಅದುರಿ ಅಲ್ಲಿಂದ ಬಿತ್ತು."

"ತಿನ್ನೋದು ಬಿಟ್ಟು ಹಲಗೆ ಮೇಲೆ ಯಾಕೆ ಇಟ್ಟೆ ಮಾರಾಯ?"

ತಗಡು ಹರಿದದ್ದಕ್ಕೆ ಬೈಗುಳ ತಿನ್ನಲು ನಾನು ಸಿದ್ಧನಾಗಿದ್ದೆ. ಈ ಪ್ರಶ್ನೆಗೆ ಸಿದ್ಧನಾಗಿರಲಿಲ್ಲ. ಸುಳ್ಳು ಹೇಳಲು ಜಾಗ ಇತ್ತು. ಹೊಟ್ಟೆ ತುಂಬಿತ್ತು, ಆಮೇಲೆ ತಿನ್ನೋಣ ಅಂದುಕೊಂಡೆ, ಏನಾದರೂ ಹೇಳಬಹುದಿತ್ತು. ಆದರೆ ಬೀಗದ ಕೈ ಇನ್ನೂ ಅವರಿಬ್ಬರ ನಡುವೆ ತೂಗುತ್ತಿತ್ತು.

"ನಾನು ತಿನ್ನಲ್ಲ ಸಾರ್. ದೇವರಿಗೆ ಇಟ್ಟದ್ದನ್ನ ನಾವು ತಿನ್ನಲ್ಲ."

"ಯಾವಾಗಿಂದ?"

"ಮೊದಲಿಂದ."

ಗಿರಿಜಮ್ಮನವರು ಮೆಟ್ಟಿಲ ಮೇಲೆ ಕೂತಿದ್ದವರು ಎದ್ದು ಬಂದರು.

"ಇಪ್ಪತ್ತೈದು ವರ್ಷದಿಂದ್ಲೂ?"

"ಹೌದು ಅಮ್ಮ."

"ಬಾಳೆಹಣ್ಣೂ ತಿಂದಿಲ್ವಾ?"

"ಇಲ್ಲ."

"ಮತ್ತೆ ಅದನ್ನೆಲ್ಲ ಯಾರು ತಿಂದ್ರು?"

"ದನ, ಅಮ್ಮ. ಪಕ್ಕದ ಮನೆಯವರದ್ದು."

"ಹಾಲು ಕೊಡ್ತದಾ?"

"ಕೊಡ್ತದೆ."

"ಹಾಗಾದ್ರೆ ಪರವಾಗಿಲ್ಲ," ಎಂದು ಹೇಳಿ ಮನೆಯ ಕಡೆ ನಡೆದರು. ಪರವಾಗಿಲ್ಲ ಎಂದರು, ಆದರೆ ತಿರುಗಿ ನೋಡಲಿಲ್ಲ.

ಚಂದ್ರಶೇಖರಪ್ಪನವರು ಸೂರಪ್ಪನ ಕೈಯನ್ನು ಬೀಗದ ಕೈ ಸಮೇತ ಹಿಂದಕ್ಕೆ ತಳ್ಳಿ, "ನಾಳೆ ಬೇಗ ಬಾ," ಎಂದರು. ಬೆಳೆಗಾರರ ಕ್ಷಮಾಪಣೆ ಹೀಗೇ ಇರುತ್ತದೆ. ಸೂರಪ್ಪ ನನ್ನ ಕಡೆ ತಿರುಗಿ, "ಮೊದ್ಲೇ ಹೇಳ್ಬಾರದಿತ್ತಾ? ಟಾರ್ಚ್ ಹಿಡಿದು ಹಿಡಿದು ಭುಜ ಬಿದ್ದೋಯ್ತು," ಎಂದ. ಮೆಕ್ಯಾನಿಕ್ಕನ ಕ್ಷಮಾಪಣೆಯೂ ದೊಡ್ಡದೇನಿಲ್ಲ. ಮರುದಿನ ನಾನು ಅವನ ಮನೆಗೆ ಹೋಗಿ ಅವನ ಮಕ್ಕಳ ಮುಂದೆಯೇ ತಪ್ಪು ನನ್ನದು ಎಂದು ಹೇಳಿ ಬಂದೆ.

ಆ ರಾತ್ರಿ ಹಣ್ಣು ಮುಗಿದು ಜೀಪ್ ಹತ್ತುವಾಗ ಚಂದ್ರಶೇಖರಪ್ಪನವರು ಕಿಟಕಿಗೆ ಕೈಯಿಟ್ಟರು.

"ಸಿರಿಲ್, ನೀನು ಕ್ರಿಸ್‌ಮಸ್ಸಿಗೆ ಕೇಕ್ ತರ್ತೀಯಲ್ಲ. ಅದಕ್ಕೆ ಮೊಟ್ಟೆ ಹಾಕ್ತಾರಾ?"

"ಹಾಕ್ತಾರೆ ಸಾರ್. ಆರು."

"ಹ್ಞೂಂ. ನಾವು ತಿನ್ನಲ್ಲ ಅಂತ ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತು. ಅವರ ಮನೆಯಲ್ಲಿ ಎಷ್ಟು ಸಲ ಉಂಡಿದ್ದೇನೆ! ಮೊಟ್ಟೆಯ ಸಿಪ್ಪೆ ಕೂಡ ಆ ಅಂಗಳ ಕಂಡಿಲ್ಲ. ಆದರೂ ಕೇಕಿನ ಒಳಗೆ ಹೋದ ಮೊಟ್ಟೆ ಮೊಟ್ಟೆಯೇ ಎಂದು ನನಗೆ ಒಂದು ವರ್ಷವೂ ಹೊಳೆದಿರಲಿಲ್ಲ. ಗಿರಿಜಮ್ಮನವರು ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು, "ಎಷ್ಟು ಕಷ್ಟ ಪಟ್ಟು ಮಾಡಿದ್ದಾರೆ," ಎಂದು ಒಳಗೆ ಒಯ್ಯುತ್ತಿದ್ದರು.

"ಮತ್ತೆ ಆ ಕೇಕು, ಸಾರ್?"

"ಟೈಗರ್."

ಟೈಗರ್ ಅವರ ನಾಯಿ.

"ಪೂರ್ತಿನಾ?"

"ಒಂದೇ ಸಲ ಕೊಡಲ್ಲ. ದಿನಕ್ಕೆ ಒಂದು ತುಂಡು. ಹೊಟ್ಟೆ ಕೆಡ್ತದಲ್ಲ."

ನೀವು ನಂಬಬೇಕು, ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಸಿಟ್ಟು. ಗೋಡಂಬಿ, ಒಣದ್ರಾಕ್ಷಿ, ಆ ಒಲೆಯ ಮುಂದೆ ಫಿಲೋಮಿನಾ ಕೂರುವ ಎರಡು ಗಂಟೆ! ಜೀಪಿನ ಗೇರಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತ ಬಂದೆ. ಟೂಲ್ ಬಾಕ್ಸಿನಲ್ಲಿ ಅವರ ಎರಡು ಬಾಳೆಹಣ್ಣು ಸ್ಪ್ಯಾನರಿನ ಕೆಳಗೆ ಜಜ್ಜಿಹೋಗಿದ್ದವು. ಅದು ನೆನಪಾಗಲು ಮನೆ ಮುಟ್ಟಬೇಕಾಯಿತು.

ಫಿಲೋಮಿನಾಳಿಗೆ ಎಲ್ಲ ಹೇಳಿದೆ.

"ನಾಯಿಗಾ?" ಎಂದಳು.

"ಅವರ ಹಣ್ಣನ್ನ ನಾವು ದನಕ್ಕೆ ಹಾಕ್ಲಿಲ್ವಾ?"

"ದನ ಬೇರೆ, ನಾಯಿ ಬೇರೆ."

ಈ ಮಾತಿನ ಮೇಲೆ ನಾವು ಮೂರು ದಿನ ಚರ್ಚೆ ಮಾಡಿದೆವು. ಕೊನೆಗೆ ನಾನು ಫಾದರ್ ಹತ್ತಿರ ಹೋದೆ. ಈಗಿನವರು ವಯಸ್ಸಿನಲ್ಲಿ ನನಗಿಂತ ಸಣ್ಣವರು, ಬೈಕಿನಲ್ಲಿ ಓಡಾಡುತ್ತಾರೆ. ಬೈಕಿನ ಚೈನು ನನ್ನ ಹತ್ತಿರವೇ ಸರಿ ಮಾಡಿಸುವುದು. ಚೈನು ಬಿಗಿ ಮಾಡುತ್ತಲೇ ಕೇಳಿದೆ. ಪ್ರಸಾದ ತಿನ್ನಬಹುದೋ, ಬಾರದೋ?

"ಈ ಪ್ರಶ್ನೆ ಕ್ರೈಸ್ತ ಸಭೆ ಹುಟ್ಟಿದ ದಿನದಿಂದ ಇದೆ ಸಿರಿಲಣ್ಣ," ಎಂದರು. "ಯೇಸು ಹುಟ್ಟಿದ ಗೋದಲಿಗೆ ಮೂವರು ಜ್ಞಾನಿಗಳು ಬಂದರಲ್ಲ, ಅವರು ಯಾವ ಧರ್ಮದವರು?"

"ನಮ್ಮವರಂತೂ ಅಲ್ಲ."

"ಅವರು ತಂದ ಧೂಪವನ್ನ ಮರಿಯಮ್ಮ ವಾಪಸ್ ಕಳಿಸಿದಳಾ?"

"ಇಲ್ಲ. ಆದ್ರೆ ಅದನ್ನ ತಿನ್ನು ಅಂತ ಅವರು ಹೇಳಿರ್ಲಿಲ್ಲ ಫಾದರ್."

ಅವರು ನಕ್ಕರು. ಆಮೇಲೆ ಹೇಳಿದರು. "ತಿನ್ನೋದೂ ಬಿಡೋದೂ ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು. ನಿಮ್ಮ ಅಮ್ಮ ಕಲಿಸಿದ್ದನ್ನ ಬಿಡಿ ಅಂತ ನಾನು ಹೇಳಲ್ಲ. ಆದ್ರೆ ಕೈಯೊಡ್ಡಿ ತಗೊಂಡು ಪೈಪಿನ ಹಿಂದೆ ಬಚ್ಚಿಡೋದು ಇದೆಯಲ್ಲ, ಅದು ಭಕ್ತಿ ಅಲ್ಲ. ತಿನ್ನಲ್ಲ ಅಂತಾದ್ರೆ ಕೊಡೋರ ಮುಖ ನೋಡಿ ಹೇಳಿ."

"ಅವರಿಗೆ ಬೇಜಾರಾಗ್ತದೆ."

"ಆಗ್ತದೆ. ನಾಯಿ ವಿಷಯ ಕೇಳಿ ನಿಮಗೂ ಆಯ್ತಲ್ಲ. ಸತ್ತುಹೋದ್ರಾ?"

ಚೈನಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಅವರು ಒತ್ತಾಯ ಮಾಡಲೂ ಇಲ್ಲ.

ಆ ಕ್ರಿಸ್‌ಮಸ್ಸಿಗೆ ಫಿಲೋಮಿನಾ ಮೊಟ್ಟೆ ಹಾಕದೆ ಮೊಸರು ಹಾಕಿ ಕೇಕ್ ಮಾಡಿದಳು. ಅದು ಉಬ್ಬಲಿಲ್ಲ. ಉಬ್ಬಿದಂತೆ ಮಾಡಿ ಮತ್ತೆ ಕೂತಿತು. ಹಾಗೇ ಒಯ್ದು ಗಿರಿಜಮ್ಮನವರ ಕೈಗೆ ಕೊಟ್ಟು, "ಮೊಟ್ಟೆ ಇಲ್ಲ ಅಮ್ಮ," ಎಂದೆ. ಅವರು ಅಲ್ಲೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ತುಂಬ ಹೊತ್ತು ಅಗಿದರು. "ಗಟ್ಟಿ ಇದೆ. ಚೆನ್ನಾಗಿದೆ," ಎಂದರು. ಟೈಗರ್ ಅಂಗಳದ ತುದಿಯವರೆಗೆ ಓಡಿ ಬಂದು, ಡಬ್ಬ ಒಳಗೆ ಹೋದದ್ದನ್ನು ನೋಡಿ, ನನ್ನನ್ನು ನೋಡಿ, ವಾಪಸ್ ಹೋಗಿ ಮಲಗಿತು. ಆ ಮನೆಯಲ್ಲಿ ನನ್ನ ಮೇಲೆ ಆಮೇಲೂ ಬೇಜಾರಿಟ್ಟುಕೊಂಡದ್ದು ಅದೊಂದೇ ಎಂದು ನಾನು ತಿಳಿದಿದ್ದೆ. ಆದರೆ ಗಿರಿಜಮ್ಮನವರು ಮೊದಲಿನ ಹಾಗೆ ಮಾತಾಡಿಸುತ್ತಿರಲಿಲ್ಲ. ಏನು ಕೊಟ್ಟರೂ ಒಂದು ಕ್ಷಣ ನಿಂತು ಕೊಡುತ್ತಿದ್ದರು. ನೀರು ಕೊಡುವಾಗಲೂ.

ಮುಂದಿನ ನವೆಂಬರ್ ಬಂತು. ಪೂಜೆಯ ಹಿಂದಿನ ದಿನ ನಾನು ಮೆಷಿನ್ ಕೂಡಿಸುತ್ತ ಬಾಯಲ್ಲಿ ಮಾತು ಕೂಡಿಸಿದೆ. "ಅಮ್ಮ, ನಿಮ್ಮ ಮನಸ್ಸು ನನಗೆ ಗೊತ್ತು, ಆದರೆ ಇದನ್ನು ನಾನು ತಗೊಳ್ಳೋ ಹಾಗಿಲ್ಲ." ಎಷ್ಟು ಸಲ ಹೇಳಿದರೂ ಇದಕ್ಕೆ ಗ್ರೀಸು ಸಾಲಲಿಲ್ಲ. ಎಲ್ಲರ ಎದುರಿಗೆ, ದೀಪ ಹಚ್ಚಿದ ಮೆಷಿನ್ನಿನ ಮುಂದೆ, ಮನೆಯೊಡತಿಯ ಕೈಯನ್ನು ಬೇಡ ಎನ್ನಬೇಕು. ಅಂದ ಮೇಲೆ ಆ ಮೆಷಿನ್ನಿಗೆ ನನ್ನನ್ನು ಮತ್ತೆ ಕರೆಯುತ್ತಾರೋ ಇಲ್ಲವೋ. ಬೇರೆ ತೋಟಗಳಿದ್ದವು, ಹೊಟ್ಟೆಗೆ ಕಷ್ಟವಿರಲಿಲ್ಲ. ಆ ಮೆಷಿನ್ ಬಿಟ್ಟು ಇರುವುದು ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

ಪೂಜೆಯಾಯಿತು. ಸ್ವಿಚ್ ಹಾಕಿದೆ. ಗಿರಿಜಮ್ಮನವರು ತಟ್ಟೆ ಹಿಡಿದು ಬಂದರು. ನಾನು ಬಾಯಿ ತೆರೆದೆ.

ತಟ್ಟೆಯಲ್ಲಿ ಹೋಳು ಇರಲಿಲ್ಲ. ಸಿಪ್ಪೆ ಸಮೇತ ಇಡೀ ತೆಂಗಿನಕಾಯಿ ಒಂದಿತ್ತು, ಮರದಿಂದ ಇಳಿದ ಹಾಗೇ. ಪಕ್ಕದಲ್ಲಿ ಎರಡು ಬಾಳೆಹಣ್ಣು.

"ಇದು ದೇವರ ಮನೆ ಬಾಗಿಲು ದಾಟಿಲ್ಲ," ಎಂದರು. "ಹಿತ್ತಲ ಮರದ್ದು. ಸುಲಿದು ಕೊಟ್ರೆ ಪೂಜೆದೋ ಏನೋ ಅಂತ ನಿಮಗೆ ಅನುಮಾನ ಬರ್ತದೆ. ಅದಕ್ಕೆ ಸುಲಿಸ್ಲಿಲ್ಲ."

ಕಲಿತುಬಂದ ಮಾತು ಬಾಯಲ್ಲೇ ಉಳಿಯಿತು. ಎರಡು ಕೈ ಒಡ್ಡಿದೆ. ಕಾಯಿ ಭಾರ ಇತ್ತು.

"ಹಣ್ಣೂ ಬೇರೆ ಗೊನೆದು," ಎಂದರು.

ಅಲ್ಲೇ ನಿಂತು ಒಂದು ಹಣ್ಣು ಸುಲಿದು ತಿಂದೆ. ಎಲ್ಲರೂ ನೋಡುತ್ತಿದ್ದರು. ಬಾಳೆಹಣ್ಣನ್ನು ಅಷ್ಟು ಜನರ ಮುಂದೆ ತಿನ್ನುವುದು ಕಷ್ಟದ ಕೆಲಸ. ಎರಡನೆಯದನ್ನೂ ತಿಂದೆ.

ಸಂಜೆ ಸಿಪ್ಪೆಯ ಗುಂಡಿಯ ಹತ್ತಿರ ಸೂರಪ್ಪ ನನ್ನನ್ನು ಬದಿಗೆ ಕರೆದ. "ಸಿರಿಲಣ್ಣ, ನಿಮಗೆ ಗೊತ್ತುಂಟಾ? ಆ ಮನೇಲಿ ಮೊದಲ ಗೊನೆ, ಮೊದಲ ಕಾಯಿ ದೇವರಿಗೆ ತೋರಿಸ್ದೆ ಹೊಸಿಲು ದಾಟಲ್ಲ. ಅವರ ಅತ್ತೆ ಕಾಲದಿಂದ ಹಾಗೆ. ಸ್ವಂತ ಮಗಳಿಗೂ ಕೊಟ್ಟವರಲ್ಲ. ಬೆಳಿಗ್ಗೆ ನಿಮ್ಮ ಕಾಯಿ ಬೇರೆ ತೆಗೆದಿಟ್ಟು, ಹೋಗಿ ದೇವರ ಮುಂದೆ ತಪ್ಪಾಯ್ತು ಅಂತ ಕೂತಿದ್ರಂತೆ. ಅಡಿಗೆಯವಳು ಹೇಳಿದ್ಲು."

"ಎಷ್ಟು ಹೊತ್ತು?"

"ಅದೆಲ್ಲ ಕೇಳಕ್ಕಾಗ್ತದಾ ಮಾರಾಯ್ರೆ?"

ನನ್ನ ಮನಸ್ಸಾಕ್ಷಿಗೆ ಗಾಯವಾಗಬಾರದು ಎಂದು ಅವರು ತಮ್ಮದನ್ನು ಒಂದು ಕೂದಲು ಸರಿಸಿದ್ದರು. ಅಂಥದ್ದಕ್ಕೆ ತಿರುಗಿ ಏನು ಕೊಡುತ್ತೀರಿ? ಗೇಟು ಮಾಡಿಕೊಡಬಹುದು, ಅವರಿಗೆ ಗೇಟಿದೆ. ನನ್ನ ಮೂರನೆಯ ನಿಯಮದ ಪ್ರಕಾರ ಆ ಕಾಯಿಯನ್ನು ನಾನು ತೆಗೆದುಕೊಳ್ಳಲೇಬಾರದಿತ್ತು. ಅದು ಆಗಲೇ ಜೀಪಿನ ಸೀಟಿನ ಮೇಲೆ ಕೂತಿತ್ತು.

ಮನೆಗೆ ಬಂದು ಹಾರೆಗೆ ಕುತ್ತಿ ಸುಲಿದೆ. ಶುಕ್ರವಾರವಾಗಿತ್ತು, ಫಿಲೋಮಿನಾ ಬಂಗುಡೆ ತೊಳೆದಿಟ್ಟಿದ್ದಳು.

"ಕೊಡಿ, ಸಾರಿಗೆ ಅರೀತೇನೆ," ಎಂದಳು.

"ಈ ಕಾಯಿ ಮೀನಿಗೆ ಬೇಡ."

ಅವಳು ನನ್ನ ಮುಖ ನೋಡಿದಳು. ಮೀನನ್ನು ಮುಚ್ಚಿಟ್ಟು, ಕೈ ತೊಳೆದುಕೊಂಡು ಬಂದು, ಹಾಲು ಹಿಂಡಿ ಪಾಯಸ ಮಾಡಿದಳು. ಊಟಕ್ಕೆ ಮೊದಲಿನ ಪ್ರಾರ್ಥನೆಯನ್ನು ಆ ದಿನ ನಾನೇ ಹೇಳಿದೆ. ಕೊಟ್ಟವರ ಹೆಸರು ಸೇರಿಸಿ.

ಓದು ಬಿಟ್ಟವನ ಹತ್ತಿರ ಈಗ ಏನೇನಿದೆ ಎಂದು ಕೇಳಿದರೆ, ಇಷ್ಟು. ಹೆಂಚಿನ ಮನೆ ಒಂದು. ಶೆಡ್ಡು ಒಂದು. ವೆಲ್ಡಿಂಗ್ ಮೆಷಿನ್ ಒಂದು. ಜೀಪ್ ಒಂದು, ಹಳೆಯದು. ಕಾಫಿ ಮುಕ್ಕಾಲು ಎಕರೆ. ವರ್ಷಕ್ಕೆ ಬಿಚ್ಚಿ ಕೂಡಿಸುವ ಪಲ್ಪರ್ ಹದಿನಾಲ್ಕು. ಹೆಂಡತಿ ಒಬ್ಬಳು, ಮಗಳು ಒಬ್ಬಳು. ಗಿರಿಜಮ್ಮನವರಿಂದ ಬಂದ ಕಾಯಿ ಇಲ್ಲಿಯವರೆಗೆ ನಾಲ್ಕು. ಉಳಿದದ್ದು ಒಂದೂ ಇಲ್ಲ. ನಾಲ್ಕನ್ನೂ ತಿಂದಿದ್ದೇವೆ.